ಸೂರ್ಯಕಲೆಯೊಳಗಿನ ಮೂರು ನಿಮಿಷದ ಅಲೆ: ನಾನು ಅಳೆದ ಬಗೆ

ವರ್ಣಗೋಳದ, ಅಂದರೆ ಸೂರ್ಯನ ಕಾಣುವ ಮೇಲ್ಮೈಗಿಂತ ಮೇಲಿನ ಪದರದ, ಅಲೆಗಳನ್ನು ಅಳೆಯಲು ನಾನು ಆರಿಸಿಕೊಂಡದ್ದು ಸೂರ್ಯಕಲೆಯ ಕಡುಗಪ್ಪು ನಡುಭಾಗವನ್ನು. ಅಲ್ಲಿ ಕಾಂತಕ್ಷೇತ್ರ ಬಹುಮಟ್ಟಿಗೆ ನೆಟ್ಟಗಿರುತ್ತದೆ, ಅಲೆ ಅದರ ಗುಂಟ ಮೇಲೇರುತ್ತದೆ, ಲೆಕ್ಕ ಸಿಕ್ಕಾಗುವುದಿಲ್ಲ. ದತ್ತಾಂಶ 2013ರಲ್ಲಿ ಹಾರಿದ ನಾಸಾದ ಐರಿಸ್ ಉಪಗ್ರಹದ್ದು, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಒಂದೇ ಜಾಗವನ್ನು ದಿಟ್ಟಿಸುತ್ತಾ ಕೆಲವೇ ಸೆಕೆಂಡುಗಳಿಗೊಮ್ಮೆ ರೋಹಿತ (ತರಂಗಾಂತರವಾರು ಬಿಡಿಸಿದ ಬೆಳಕು) ತೆಗೆದ ಸರಣಿಯನ್ನೇ ಹುಡುಕಿದೆ. ಅಂತರ ಹೆಚ್ಚಾದರೆ ಅಲೆಯ ಆಕಾರ ಕೈಗೆ ಸಿಗದು.

ಉಪಗ್ರಹ ಸುತ್ತುವಾಗ ಉಪಕರಣದ ತಾಪ ಏರಿಳಿದು ತರಂಗಾಂತರವೂ ತುಸು ಸರಿಯುತ್ತದೆ. ಅದನ್ನು ಕಳೆಯಲು ದ್ಯುತಿಗೋಳದ, ಅಂದರೆ ಕಾಣುವ ಮೇಲ್ಮೈಯ, ನಿಕ್ಕಲ್ ರೇಖೆಯನ್ನು (ರೋಹಿತದಲ್ಲಿ ಆ ಧಾತುವಿನ ಗುರುತು) ಆಧಾರವಾಗಿಟ್ಟುಕೊಂಡೆ. ಅಳೆದದ್ದು 279.6 ನ್ಯಾನೋಮೀಟರಿನ ಮೆಗ್ನೀಸಿಯಂ ರೇಖೆಯನ್ನು. ಬೇರೆಡೆ ಇದಕ್ಕೆ ಸಾಮಾನ್ಯವಾಗಿ ಎರಡು ಶಿಖರ, ನಡುವೆ ತಗ್ಗು. ಕಲೆಯ ನಡುವೆ ಒಂದೇ ಶಿಖರ. ಅದು ಎಷ್ಟು ಸರಿದಿದೆ ಎಂದು ನೋಡಿದರೆ ವೇಗ ಸಿಕ್ಕಿತು.

ಅಲೆಯನ್ನು ಆವರ್ತನಗಳಾಗಿ ಬಿಡಿಸುವ ಫೂರಿಯೆ ವಿಶ್ಲೇಷಣೆಗೆ ಇಳಿಯುವ ಮೊದಲು ಒಂದೇ ಬಿಂದುವಿನ ರೋಹಿತಗಳನ್ನು ಕಾಲಾನುಕ್ರಮದಲ್ಲಿ ಒಂದರ ಮೇಲೊಂದು ಪೇರಿಸಿ ನೋಡಿದೆ. ಎದುರಿಗೆ ಗರಗಸದ ಹಲ್ಲಿನ ಸಾಲು! ರೇಖೆ ಥಟ್ಟನೆ ನೀಲಿಯ ಕಡೆ ಜಿಗಿಯುತ್ತದೆ (ಅನಿಲ ನಮ್ಮತ್ತ ಮೇಲೇರುವ ಗುರುತು), ಆ ಹೊತ್ತಿಗೇ ಬೆಳಗುತ್ತದೆ, ಆಮೇಲೆ ನಿಧಾನವಾಗಿ ಕೆಂಪಿನತ್ತ ಜಾರುತ್ತದೆ (ಕೆಳಗಿಳಿಯುವ ಗುರುತು). ಅಷ್ಟರಲ್ಲಿ ಮುಂದಿನ ಹೊಡೆತ. ಮೇಲೇರಿದಂತೆ ಸಾಂದ್ರತೆ ಕುಸಿಯುವುದರಿಂದ ಅಲೆ ಹಿಗ್ಗಿ ಆಘಾತ ತರಂಗವಾಗಿದೆ ಎಂಬುದಕ್ಕೆ ಇದಕ್ಕಿಂತ ನೇರ ಸಾಕ್ಷಿ ನನಗೆ ಗೊತ್ತಿಲ್ಲ. ಯಾವ ಆವರ್ತನಕ್ಕೆ ಎಷ್ಟು ಬಲ ಎಂದು ತೋರಿಸುವ ಪವರ್ ಸ್ಪೆಕ್ಟ್ರಮ್ಮಿನಲ್ಲಿ ಇದೆಲ್ಲ 5.5 ಮಿಲಿಹರ್ಟ್ಸ್ (ಸುಮಾರು ಮೂರು ನಿಮಿಷಕ್ಕೊಂದು ಅಲೆ) ಆಸುಪಾಸಿನ ಒಂದು ಉಬ್ಬು ಮಾತ್ರ. ಹಾಗಾಗಿ ಈ ಚಿತ್ರ ನೋಡದೆ ಮುಂದುವರಿಯಬಾರದು ಎಂಬುದು ನನ್ನ ಪಟ್ಟು.

ನಿಧಾನದ ಏರಿಳಿತ ತೆಗೆಯಲು ಚಲಿಸುವ ಸರಾಸರಿ (ಪ್ರತಿ ಕ್ಷಣದ ಆಸುಪಾಸಿನ ಅಳತೆಗಳ ಸರಾಸರಿ) ಕಳೆಯುವುದು ವಾಡಿಕೆ. ಆದರೆ ಸರಾಸರಿಯ ಅವಧಿ ಚಿಕ್ಕದಾದರೆ ಪವರ್ ಸ್ಪೆಕ್ಟ್ರಮ್ಮಿನಲ್ಲಿ ಇಲ್ಲದ ಶಿಖರವೂ ಹುಟ್ಟಿಕೊಳ್ಳುತ್ತದೆ. ಆ ಅವಧಿಯನ್ನು ಬದಲಿಸಿದರೂ ಅಲ್ಲೇ ನಿಲ್ಲುವ ಶಿಖರವನ್ನಷ್ಟೇ ನಂಬಿದೆ.

1960ರ ದಶಕದ ಆರಂಭದಲ್ಲಿ ಭೌತವಿಜ್ಞಾನಿ ರಾಬರ್ಟ್ ಲೇಟನ್ ತಂಡ ದ್ಯುತಿಗೋಳದಲ್ಲಿ ಕಂಡದ್ದು ಐದು ನಿಮಿಷದ, ಅಂದರೆ ಸುಮಾರು 3.3 ಮಿಲಿಹರ್ಟ್ಸ್‌ನ, ಕಂಪನ. ಅದು ನೆಟ್ಟಗೆ ಮೇಲೇರಲಾರದು: ದ್ಯುತಿಗೋಳಕ್ಕೂ ವರ್ಣಗೋಳಕ್ಕೂ ನಡುವಿನ ತಣ್ಣನೆಯ ಪದರ ಸುಮಾರು 5 ಮಿಲಿಹರ್ಟ್ಸ್‌ಗಿಂತ ಕಡಿಮೆಯ ಅಲೆಗಳನ್ನು ತಡೆಯುತ್ತದೆ. ಕಾಂತಕ್ಷೇತ್ರ ಬಾಗಿದ ಕಡೆ, ಆ ಓರೆ ದಾರಿಯಲ್ಲಿ ಗುರುತ್ವದ ಒಂದು ಪಾಲಷ್ಟೇ ಎದುರಾಗುವುದರಿಂದ, ಈ ಮಿತಿ ಇಳಿಯುತ್ತದೆ. ನನ್ನ ನಕ್ಷೆಯಲ್ಲೂ ಕಲೆಯ ನಡುವಿನಿಂದ ಅಂಚಿಗೆ ಹೋದಂತೆ ಅವಧಿ ಮೂರು ನಿಮಿಷದಿಂದ ಐದರತ್ತ ಏರಿತು. ಅಂಚಿನಲ್ಲಿ ಅಲೆ ಹೊರಕ್ಕೆ ಓಡುವಂತೆ ಕಾಣುವುದಕ್ಕೂ ಇದೇ ಬಾಗು ಕಾರಣವೆಂದು ನನ್ನ ಎಣಿಕೆ: ಬಾಗಿದ ದಾರಿ ಉದ್ದ, ಅಲೆ ತಲುಪುವುದು ತಡ. ಅದನ್ನು ಪರೀಕ್ಷಿಸಲು ಬೇರೆ ಬೇರೆ ಎತ್ತರದ ರೇಖೆಗಳ ನಡುವಿನ ಕಾಲದ ಅಂತರವನ್ನು ಈಗ ಅಳೆಯುತ್ತಿದ್ದೇನೆ.