ತೇಗದ ಉಂಗುರ ಓದಿ ಕಾಡಿನ ಮುನ್ಸೂಚನೆ ಕಟ್ಟುವ ಬಗೆ

ಹಿಂದಿನ ವರ್ಷಗಳ ಮಳೆಗೆ ಮರ ಹೇಗೆ ಬೆಳೆಯಿತೆಂದು ಉಂಗುರದ ಅಗಲದಿಂದ ತಿಳಿದರೆ, ಮುಂದಿನ ಹವೆಯಲ್ಲಿ ಕಾಡು ಹೇಗೆ ಬೆಳೆದೀತೆಂದು ಅಂದಾಜಿಸಬಹುದು. ಆದರೆ ಪಶ್ಚಿಮ ಘಟ್ಟದ ಎಲ್ಲ ಮರಗಳೂ ವರ್ಷಕ್ಕೊಂದು ಉಂಗುರ ಹಾಕುವುದಿಲ್ಲ. ಗೋವಾದ ಮೊಲೆಮ್ ಕಡೆಯ ನಿತ್ಯಹರಿದ್ವರ್ಣ ಮರಗಳಲ್ಲಿ ಬಹುಪಾಲಿನ ಉಂಗುರ ಮಸುಕು, ಎಣಿಕೆಗೆ ಸಿಗದು. ಬೇಸಿಗೆಯಲ್ಲಿ ಎಲೆ ಉದುರಿಸಿ ಬೆಳವಣಿಗೆ ನಿಲ್ಲಿಸುವ ಮರ ಬೇಕು. ನಮ್ಮ ಮಟ್ಟಿಗೆ ಅದು ತೇಗ. ಪುಣೆಯ ಪಾಷಾಣ್‌ನಲ್ಲಿರುವ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯವರೂ ದಕ್ಷಿಣ ಮತ್ತು ಮಧ್ಯ ಭಾರತದ ಹಳೆಯ ಮಳೆಯನ್ನು ತಿಳಿಯಲು ತೇಗವನ್ನು ಓದಿದ್ದಾರೆ.

ಮರದಷ್ಟೇ ಜಾಗವೂ ಮುಖ್ಯ. ಪುಣೆ ನಗರಕ್ಕೆ ವರ್ಷಕ್ಕೆ ಸುಮಾರು 700 ಮಿ.ಮೀ. ಮಳೆ, ಮಹಾಬಳೇಶ್ವರಕ್ಕೆ 5,000 ದಾಟುತ್ತದೆ. ನೀರು ಹೇಗೂ ಮಿಕ್ಕುವ ಕಡೆ ನೂರಿನ್ನೂರು ಮಿ.ಮೀ. ಕಡಿಮೆಯಾದರೆ ಮರಕ್ಕೆ ಲೆಕ್ಕವೇ ಇಲ್ಲ. ಅಲ್ಲಿ ಮೋಡ ಮುಚ್ಚಿದ ದಿನಗಳೇ ಬೆಳವಣಿಗೆಯನ್ನು ತಡೆಯಬಹುದು. ಆದ್ದರಿಂದ ಘಟ್ಟದ ಪೂರ್ವದ ಇಳಿಜಾರು, ತೆಳು ಮಣ್ಣು, ನೀರು ನಿಲ್ಲದ ನೆಲ ಹುಡುಕಿ. ಹಳ್ಳದ ದಂಡೆಯ ದಪ್ಪ ಮರ ನೋಡಲು ಚೆಂದ, ಓದಲು ಬರಡು. ರೈತರು ರಾಬ್‌ಗೆ, ಅಂದರೆ ಭತ್ತದ ಸಸಿಮಡಿಯ ಮೇಲೆ ಸುಡಲು, ಸೊಪ್ಪು ಕಡಿದ ಮರಗಳನ್ನೂ ಬಿಡಿ: ಕೊಂಬೆ ಕಳೆದುಕೊಂಡ ವರ್ಷದ ಉಂಗುರ ಮಳೆ ಚೆನ್ನಾಗಿದ್ದರೂ ಕಿರಿದಾಗುತ್ತದೆ. ದಪ್ಪ ಮರಗಳನ್ನಷ್ಟೇ ಆರಿಸುವುದು ಇನ್ನೊಂದು ಬಲೆ. ಕಾಡಿನ ಮುನ್ಸೂಚನೆ ಬೇಕಿದ್ದರೆ ಮಧ್ಯಮ, ಸಣ್ಣ ಮರಗಳೂ ಸೇರಬೇಕು, ಇಲ್ಲದಿದ್ದರೆ ಗೆದ್ದು ಉಳಿದವರ ಕಥೆ ಮಾತ್ರ ಸಿಗುತ್ತದೆ.

ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಮುಖ್ಯ ವನ್ಯಜೀವಿ ಪಾಲಕರ ಲಿಖಿತ ಅನುಮತಿ ಇಲ್ಲದೆ ಮರಕ್ಕೆ ಕೈ ಹಚ್ಚಬೇಡಿ. ಕೈ ಪಳಗಲು ಇನ್ನೊಂದು ದಾರಿ ಇದೆ. ದಾಂಡೇಲಿ, ಹಳಿಯಾಳ ಕಡೆ ನೆಂಟರು ಹೊಲದ ಬದುವಿನ ತೇಗ ಕಡಿಸುವುದಿದ್ದರೆ ಮೊದಲೇ ಹೇಳಿಟ್ಟು, ಬುಡದ ಹತ್ತಿರ ಎರಡು ಇಂಚು ದಪ್ಪದ ಬಿಲ್ಲೆ ಕೊಯ್ಸಿಕೊಳ್ಳಿ. ಕಡಿದ ತಿಂಗಳು, ವರ್ಷವನ್ನು ಬಿಲ್ಲೆಯ ಮೇಲೇ ಬರೆಯಿರಿ. ಪುಣೆಯ ಭವಾನಿ ಪೇಠ್ ಟಿಂಬರ್ ಮಾರ್ಕೆಟ್‌ನ ತುಂಡುಗಳಿಂದ ಉಜ್ಜುವುದನ್ನಷ್ಟೇ ಕಲಿಯಬಹುದು. ಯಾವ ದೇಶದ ತೇಗವೋ, ಯಾವಾಗ ಕಡಿದದ್ದೋ, ಯಾರಿಗೂ ಗೊತ್ತಿರುವುದಿಲ್ಲ.

ನಿಂತ ಮರಕ್ಕೆ ಟೊಳ್ಳು ಕೊರೆಯುಳಿ, ಅಂದರೆ ಇನ್ಕ್ರಿಮೆಂಟ್ ಬೋರರ್, ಬೇಕು. 5.15 ಮಿ.ಮೀ. ದಪ್ಪದ ಕಡ್ಡಿ ತೆಗೆಯುವುದು ರೂಢಿಯ ಅಳತೆ. ಒಂದು ಜಾಗಕ್ಕೆ ಕನಿಷ್ಠ 20 ಮರ, ಮರಕ್ಕೆ ಎರಡು ಕಡ್ಡಿ, ನೆಲದಿಂದ 1.37 ಮೀಟರ್ ಎತ್ತರದಲ್ಲಿ, ಇಳಿಜಾರಿಗೆ ಅಡ್ಡಲಾಗಿ ಎರಡೂ ಬದಿಯಿಂದ. ಇಳಿಜಾರಿನ ಮೇಲ್ಬದಿ, ಕೆಳಬದಿಯಲ್ಲಿ ಮರ ತನ್ನ ಭಾರ ತಡೆಯಲು ಬೇರೆ ಬಗೆಯ ಕಟ್ಟಿಗೆ ಬೆಳೆಸುತ್ತದೆ, ಉಂಗುರ ಸೊಟ್ಟಗಾಗುತ್ತದೆ. ತೇಗದಲ್ಲಿ ಸಿಲಿಕಾ ಇರುವುದರಿಂದ ಉಳಿಯ ಮೊನೆ ಬೇಗ ಮೊಂಡಾಗುತ್ತದೆ; ಮೊಂಡಾದ ಉಳಿಯಲ್ಲಿ ಕಡ್ಡಿ ತಿರುಚಿಕೊಂಡು ಚೂರಾಗುತ್ತದೆ. ಪ್ರತಿ ಮರಕ್ಕೂ ಮುಂಚೆ ತಿರುಪಿಗೆ ಜೇನುಮೇಣ ಸವರಿ. ತಿರುಳು ದಾಟಿದ ಮೇಲೆ ಕಡ್ಡಿ ಹೊರತೆಗೆಯುವ ಉದ್ದನೆಯ ತೆಳು ತಗಡು ತೂರಿಸಿ, ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿ ಕಡ್ಡಿ ಮುರಿದುಕೊಳ್ಳಿ, ತಡಮಾಡದೆ ಉಳಿಯನ್ನೂ ಬಿಚ್ಚಿ. ಚಹಾಕ್ಕೆ ಹೋಗಿ ಬರುವಷ್ಟರಲ್ಲಿ ಮರ ಅದನ್ನು ಹಿಡಿದುಬಿಡಬಹುದು. ಕಡ್ಡಿಯನ್ನು ಕಾಗದದ ಸ್ಟ್ರಾದಲ್ಲಿಡಿ. ಪ್ಲಾಸ್ಟಿಕ್‌ನಲ್ಲಿಟ್ಟರೆ ಕೊಂಕಣದ ಹವೆಗೆ ಎರಡೇ ದಿನಕ್ಕೆ ಬೂಷ್ಟು.

ನೆರಳಲ್ಲಿ ಒಣಗಿದ ಕಡ್ಡಿಯನ್ನು ತೋಡು ತೆಗೆದ ಮರದ ಪಟ್ಟಿಗೆ ಫೆವಿಕಾಲ್‌ನಿಂದ ಅಂಟಿಸಿ, ನಾರು ನೆಟ್ಟಗೆ ಮೇಲ್ಮುಖವಾಗಿರಲಿ. ಮಲಗಿದ ನಾರಿನ ಮೇಲೆ ಎಷ್ಟು ಉಜ್ಜಿದರೂ ಉಂಗುರ ಕಾಣದು. 120ನೇ ನಂಬರಿನ ಮರಳು ಕಾಗದದಿಂದ ಶುರುಮಾಡಿ 220, 400, 600ಕ್ಕೆ ಏರಿ. ಪ್ರತಿ ನಂಬರಿನ ಗೀರು ಮಾಯವಾಗುವವರೆಗೆ ಮುಂದಿನದಕ್ಕೆ ಹೋಗಬೇಡಿ.

ಈಗ ಲೆನ್ಸ್ ಹಿಡಿಯಿರಿ. ತೇಗದ ಹೊಸ ಉಂಗುರ ಬಿಳಚು ಪಟ್ಟಿಯೊಂದರಿಂದ ಶುರುವಾಗುತ್ತದೆ. ಆ ಪಟ್ಟಿಯೊಳಗೆ ಬರಿಗಣ್ಣಿಗೂ ಕಾಣುವ ದೊಡ್ಡ ರಂಧ್ರಗಳ ಸಾಲು. ಹೊರಕ್ಕೆ ಹೋದಂತೆ ರಂಧ್ರ ಸಣ್ಣದಾಗಿ ಚದುರುತ್ತವೆ, ಕಟ್ಟಿಗೆ ಗಟ್ಟಿಯಾಗಿ ಬಣ್ಣ ಏರುತ್ತದೆ, ಆಮೇಲೆ ಒಮ್ಮೆಗೇ ಮತ್ತೆ ಬಿಳಚು ಪಟ್ಟಿ. ಹೀಗೆ ಥಟ್ಟನೆ ಬದಲಾಗುವ ಗೆರೆಯೇ ವರ್ಷದ ಗಡಿ. ಜುಲೈನಲ್ಲಿ ಮಳೆ ಕೈಕೊಟ್ಟು ಆಗಸ್ಟಿನಲ್ಲಿ ಮರಳಿದರೆ ನಡುವೆ ಸುಳ್ಳು ಉಂಗುರ ಮೂಡಬಹುದು. ಅದರ ಎರಡೂ ಅಂಚು ನಿಧಾನವಾಗಿ ಕರಗುತ್ತವೆ, ಬಿಲ್ಲೆಯಲ್ಲಿ ಬೆರಳಿಟ್ಟು ಹಿಂಬಾಲಿಸಿದರೆ ಸುತ್ತು ಪೂರ್ತಿಯಾಗುವ ಮೊದಲೇ ಮರೆಯಾಗುವುದೂ ಉಂಟು. ತೇಗದ ಎಲೆ ತಿನ್ನುವ ಹುಳು ಮಳೆಗಾಲದ ಆರಂಭದಲ್ಲಿ ಮರ ಬೋಳಿಸಿದರೂ ಇಂಥದೇ ಗುರುತು ಉಳಿಯಬಹುದು. ಕಡು ಬರದ ವರ್ಷ ಕೆಲವು ಮರ ಒಂದು ಬದಿಯಲ್ಲಿ ಉಂಗುರ ಹಾಕದೆಯೂ ಇರಬಹುದು. ಎರಡು ಕಡ್ಡಿ ಬೇಕೆನ್ನುವುದು ಇದಕ್ಕೇ.

ಆದ್ದರಿಂದ ಬರೀ ಎಣಿಕೆಗೆ ಬೆಲೆಯಿಲ್ಲ, ತಾಳೆ ಹಾಕಬೇಕು. ಫೆಬ್ರವರಿ 2025ರಲ್ಲಿ ಕೊರೆದಿದ್ದರೆ ತೊಗಟೆಯ ಕೆಳಗಿನ ಪೂರ್ತಿ ಉಂಗುರ 2024ರದು. ಗ್ರಾಫ್ ಕಾಗದದ ಪಟ್ಟಿಯಲ್ಲಿ ವರ್ಷಕ್ಕೊಂದು ಮನೆ ಬಿಟ್ಟು, ಅಕ್ಕಪಕ್ಕಕ್ಕಿಂತ ಕಿರಿದಾದ ಉಂಗುರಕ್ಕೆ ಗೆರೆ ಎಳೆಯಿರಿ. ಎಷ್ಟು ಕಿರಿದೋ ಅಷ್ಟು ಉದ್ದ ಗೆರೆ. ಎಲ್ಲ ಮರಗಳ ಪಟ್ಟಿಯನ್ನು ಒಂದರ ಕೆಳಗೊಂದು ಜೋಡಿಸಿದಾಗ ಉದ್ದ ಗೆರೆಗಳು ಒಂದೇ ವರ್ಷಕ್ಕೆ ಬೀಳಬೇಕು. 1972, 1987, 2002, 2009ರಂಥ ದೇಶವ್ಯಾಪಿ ಬರದ ವರ್ಷಗಳು ಗೂಟದಂತೆ ಕೆಲಸ ಮಾಡುತ್ತವೆ. ಒಂದು ಮರದಲ್ಲಿ 1987ರ ನಂತರ ಎಲ್ಲವೂ ಸರಿ, ಹಿಂದಿನದೆಲ್ಲ ಒಂದು ವರ್ಷ ಆಚೀಚೆ ಎಂದರೆ ಅಲ್ಲೇ ಉಂಗುರ ತಪ್ಪಿದೆ ಅಥವಾ ಸುಳ್ಳೊಂದು ಸೇರಿದೆ. ಬರದ ವರ್ಷಕ್ಕೆ ಹೊಂದಲೆಂದು ಉಂಗುರ ತುರುಕುವ ಆಸೆ ಎಲ್ಲರಿಗೂ ಬರುತ್ತದೆ. ಮರದಲ್ಲಿ ಗುರುತು ಕಾಣದ ಹೊರತು ತುರುಕಬೇಡಿ.

ಆಮೇಲೆ 2,400 ಡಿಪಿಐ ಅಥವಾ ಹೆಚ್ಚಿನ ಸ್ಕ್ಯಾನ್ ಮೇಲೆ 0.01 ಮಿ.ಮೀ.ವರೆಗೆ ಅಗಲ ಅಳೆದು, ಉಂಗುರಗಳ ತಾಳೆ ನೋಡುವ ಕೊಫೆಚಾ ತಂತ್ರಾಂಶ ಅಥವಾ ಆರ್ ತಂತ್ರಾಂಶದ ಡಿಪಿಎಲ್‌ಆರ್ ಪ್ಯಾಕೇಜ್‌ನಿಂದ ಪರೀಕ್ಷಿಸಿ. 50 ವರ್ಷದ ತುಂಡಿನಲ್ಲಿ ಉಳಿದ ಮರಗಳೊಂದಿಗಿನ ಸಹಸಂಬಂಧ (ಏರಿಳಿತ ಎಷ್ಟು ಹೊಂದುತ್ತದೆ ಎಂಬ ಅಳತೆ, ಪೂರ್ತಿ ಹೊಂದಿದರೆ 1) 0.33ಕ್ಕಿಂತ ಕೆಳಗಿದ್ದರೆ ಮತ್ತೆ ಲೆನ್ಸ್ ಹಿಡಿಯಿರಿ. ಮರ ದಪ್ಪವಾದಂತೆ ಉಂಗುರ ತಾನಾಗಿ ಕಿರಿದಾಗುತ್ತದೆ, ಈ ವಯಸ್ಸಿನ ಇಳಿಕೆಯನ್ನು ತೆಗೆದ ಮೇಲೆಯೇ ಸರಾಸರಿ. ನೆಡುತೋಪಿನಲ್ಲಿ ಪಕ್ಕದ ಮರ ಕಡಿದ ಮೇಲೆ ಉಂಗುರ ಹಠಾತ್ ಅಗಲವಾಗುವುದು ಬೆಳಕಿನ ಕೊಡುಗೆ, ಮಳೆಯದಲ್ಲ. ಇಲಾಖೆಯ ಕಡಿತದ ದಾಖಲೆ ಕೇಳಿ ಪಡೆಯಿರಿ.

ಮಳೆಯ ಅಂಕಿಗೆ ಹವಾಮಾನ ಇಲಾಖೆಯ ಪುಣೆ ಕಚೇರಿಯ 0.25 ಡಿಗ್ರಿ ಚೌಕಗಳ ಮಾಹಿತಿ 1901ರಿಂದ ಇದೆ. ಆದರೆ ಒಂದು ಚೌಕ ಸುಮಾರು 25 ಕಿ.ಮೀ. ಅಗಲ, ಘಟ್ಟದ ನೆತ್ತಿಯಿಂದ ಪೂರ್ವಕ್ಕೆ ಅಷ್ಟು ಬರುವಷ್ಟರಲ್ಲಿ ಮಳೆ ಅರ್ಧಕ್ಕಿಂತ ಕೆಳಗಿಳಿದಿರುತ್ತದೆ. ಹತ್ತಿರದ ಮಳೆಮಾಪಕದ ಅಂಕಿ ಸಿಕ್ಕರೆ ಅದೇ ಮೇಲು. ಹಿಂದಿನ ಅಕ್ಟೋಬರಿನಿಂದ ಈ ವರ್ಷದ ಅಕ್ಟೋಬರಿನವರೆಗೆ ತಿಂಗಳು ತಿಂಗಳಾಗಿ ಹೋಲಿಸಿ. ಹಿಂಗಾರಿನ ತೇವ ಮುಂದಿನ ವರ್ಷದ ತೇಗದಲ್ಲಿ ಕಾಣಿಸುವುದು ಅಪರೂಪವಲ್ಲ.

ಮಳೆಯಿಂದ ಉಂಗುರದ ಅಗಲ ಹೇಳುವ ಮುನ್ಸೂಚನೆಯ ಸೂತ್ರವನ್ನು 1951–1985ರ ಮೇಲೆ ಕಟ್ಟಿ 1986–2020ರ ಮೇಲೆ ಪರೀಕ್ಷಿಸಿ, ಆಮೇಲೆ ಅದಲುಬದಲು ಮಾಡಿ. ಬರೀ ಸರಾಸರಿ ಹೇಳಿದ್ದಕ್ಕಿಂತ ನಿಮ್ಮ ಸೂತ್ರ ಚೆನ್ನಾಗಿ ಹೇಳದಿದ್ದರೆ ಅದನ್ನು ಬಿಸಾಡಿ. ಸರಾಸರಿ ಬೆಳವಣಿಗೆಗಿಂತ ಕೆಟ್ಟ ವರ್ಷದ ನಡತೆಯೇ ಕಾಡಿನ ಬಗ್ಗೆ ಹೆಚ್ಚು ಹೇಳುತ್ತದೆ. ಬರಕ್ಕೆ ಮುಂಚಿನ ಮೂರು ವರ್ಷದ ಸರಾಸರಿ 2.4 ಮಿ.ಮೀ., ಬರದ ವರ್ಷ 1.2, ನಂತರದ ಮೂರು ವರ್ಷ 2.1 ಎಂದಿಟ್ಟುಕೊಳ್ಳಿ: ತಾಳಿಕೆ, ಅಂದರೆ ಬರದ ವರ್ಷದ ಅಗಲ ಮೊದಲ ಮಟ್ಟದ 0.50; ಮರಳುವಿಕೆ, ಅಂದರೆ ನಂತರದ ಅಗಲ ಮೊದಲ ಮಟ್ಟದ 0.88. 1972ರ ನಂತರ ಮೊದಲ ಮಟ್ಟಕ್ಕೆ ಬಂದ ಮರಗಳೇ 2009ರ ನಂತರ ಬಾರದಿದ್ದರೆ ಆ ಜಾಗ ಸೋಲುತ್ತಿದೆ ಎಂದು ಅನುಮಾನಿಸಿ, ಹುಳುವಿನ ಕಾಟ, ಬೆಂಕಿ, ಮರದ ವಯಸ್ಸು ಕಾರಣವಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ಬರೆಯಿರಿ.

2050ರ ಮಳೆ, ತಾಪಮಾನವನ್ನು ಹವಾಮಾನ ಮಾದರಿಗಳಿಂದ ತೆಗೆದುಕೊಳ್ಳುವಾಗ ಒಂದೇ ಮಾದರಿ ನೆಚ್ಚಬೇಡಿ. ಘಟ್ಟದ ಮಳೆಯ ವಿಷಯದಲ್ಲಿ ಅವು ಒಂದಕ್ಕೊಂದು ಹೊಂದುವುದಿಲ್ಲ. ನಿಮ್ಮ ಮರಗಳು ಕಂಡ ಅತಿ ಬಿಸಿಯ ವರ್ಷಕ್ಕಿಂತ ಮುಂಬರುವ ವರ್ಷಗಳು ಬಿಸಿಯಿದ್ದರೆ ಗ್ರಾಫಿನಲ್ಲಿ ಅಲ್ಲಿಂದಾಚೆ ಗೆರೆಯನ್ನು ಚುಕ್ಕಿ ಚುಕ್ಕಿಯಾಗಿ ತೋರಿಸಿ, ಪಕ್ಕದಲ್ಲಿ ಮರಗಳ ಸಂಖ್ಯೆ ಬರೆಯಿರಿ.