ಹೋಂ ನರ್ಸ್ ಬಂದ ಮೊದಲ ವಾರ: ಏನು ಕಲಿಸಬೇಕು, ಹೇಗೆ ಕಲಿಸಬೇಕು?

ಸ್ಟ್ರೋಕ್ ಆಗಿ ಮಲಗಿದ ಅಪ್ಪ, ಸೊಂಟದ ಮೂಳೆ ಮುರಿದುಕೊಂಡ ಅತ್ತೆ, ಮರೆವಿನ ಕಾಯಿಲೆಯ ಅಜ್ಜಿ. ಇಂಥವರನ್ನು ಮನೆಯವರೇ ನೋಡಿಕೊಂಡು ನೋಡಿಕೊಂಡು ಸುಸ್ತಾದ ಮೇಲೆ ಏಜೆನ್ಸಿಗೆ ಫೋನ್ ಹೋಗುತ್ತದೆ. ಒಂದೆರಡು ದಿನದಲ್ಲಿ ಬ್ಯಾಗ್ ಹಿಡಿದುಕೊಂಡು ಹೋಂ ನರ್ಸ್ ಬರುತ್ತಾರೆ. ಬಚ್ಚಲುಮನೆ ಎಲ್ಲಿದೆ, ಮಾತ್ರೆ ಎಲ್ಲಿದೆ ಅಂತ ತೋರಿಸಿ ಮನೆಯವರು ಆಫೀಸಿಗೆ ಹೊರಟುಬಿಡುತ್ತಾರೆ. ತೊಂದರೆ ಶುರುವಾಗುವುದೇ ಅಲ್ಲಿಂದ.

ಬರುವವರಲ್ಲಿ ಎಲ್ಲರೂ ನರ್ಸಿಂಗ್ ಓದಿದವರಲ್ಲ. ಕೆಲವರು ಜನರಲ್ ಡ್ಯೂಟಿ ಅಸಿಸ್ಟೆಂಟ್ ಅಥವಾ ಹೋಂ ಹೆಲ್ತ್ ಏಡ್ ಕೋರ್ಸ್ ಮಾಡಿರುತ್ತಾರೆ. ಇನ್ನು ಕೆಲವರು ಗೊತ್ತಿದ್ದವರ ಜೊತೆ ನಿಂತು ನೋಡಿ ಕಲಿತಿರುತ್ತಾರೆ, ಅಷ್ಟೇ. ಅಮೆರಿಕದಲ್ಲಿ ನರ್ಸಿಂಗ್ ಹೋಮ್‌ಗಳ ಸಹಾಯಕರಿಗೆ 1987ರ ಕಾನೂನಿನ ಪ್ರಕಾರ ಕನಿಷ್ಠ 75 ಗಂಟೆ ತರಬೇತಿ ಕೊಡಲೇಬೇಕು. ಅದರಲ್ಲಿ 16 ಗಂಟೆ, ಮೇಲೊಬ್ಬರು ನಿಂತು ನೋಡುತ್ತಿರುವಾಗ ಕೈಯಾರೆ ಮಾಡಿ ಕಲಿಯುವುದು. ಆಮೇಲೂ ವರ್ಷಕ್ಕೆ 12 ಗಂಟೆ ಕಲಿಕೆ ಇದ್ದೇ ಇದೆ. ನಮ್ಮಲ್ಲಿ ಮನೆಗೆ ಬರುವವರ ತರಬೇತಿ ಏಜೆನ್ಸಿಯಿಂದ ಏಜೆನ್ಸಿಗೆ ಬೇರೆ. ಹಾಗಾಗಿ ಉಳಿದ ಪಾಠ ನಿಮ್ಮ ಮನೆಯಲ್ಲೇ ಆಗಬೇಕು. ಮೊದಲ ಮೂರ್ನಾಲ್ಕು ದಿನ ಮನೆಯವರೊಬ್ಬರು ರಜೆ ಹಾಕಿ ಜೊತೆಗಿರಿ.

1. ‘ಬರುತ್ತಾ?’ ಅಂತ ಕೇಳಬೇಡಿ, ಮಾಡಿ ತೋರಿಸಲು ಹೇಳಿ

‘ಡೈಪರ್ ಬದಲಿಸೋಕೆ ಬರುತ್ತಾ? ಬಿಪಿ ನೋಡೋಕೆ ಬರುತ್ತಾ?’ ಅಂದರೆ ಎಲ್ಲದಕ್ಕೂ ‘ಬರುತ್ತೆ ಮೇಡಂ’ ಎಂಬ ಉತ್ತರವೇ. ಇಲ್ಲ ಅಂದರೆ ಕೆಲಸ ಹೋಗುತ್ತೆ ಅನ್ನುವ ಭಯ, ಪಾಪ. ಅದಕ್ಕೆ, ‘ನಮ್ಮ ಅಮ್ಮನಿಗೆ ಹೇಗೆ ಮಾಡ್ತೀವಿ ನೋಡಿ, ಆಮೇಲೆ ನೀವು ಮಾಡಿ, ನಾನು ಪಕ್ಕದಲ್ಲಿ ಇರ್ತೀನಿ’ ಅನ್ನಿ. ಶುರು ಕೈ ತೊಳೆಯುವುದರಿಂದ. ಸೋಪು ಹಾಕಿ ಕನಿಷ್ಠ 20 ಸೆಕೆಂಡ್, ಉಗುರಿನ ಸಂದು ಸೇರಿಸಿ. ಗ್ಲೌಸ್ ಹಾಕುತ್ತೇವಲ್ಲ ಅಂತ ಇದನ್ನು ಬಿಡುವ ಹಾಗಿಲ್ಲ.

2. ಮನುಷ್ಯರ ಪರಿಚಯ ಮಾಡಿಸಿ

ಕಾಯಿಲೆಯ ಫೈಲ್ ಆಮೇಲೆ ಕೊಡಿ. ಯಾವ ಕಿವಿ ಕೇಳಿಸುತ್ತದೆ, ಕನ್ನಡಕ ಎಲ್ಲಿಡುತ್ತಾರೆ, ಕಾಫಿಗೆ ಸಕ್ಕರೆ ಎಷ್ಟು, ರಾತ್ರಿ ಲೈಟ್ ಬೇಕಾ ಬೇಡವಾ, ಮೇಷ್ಟ್ರೇ ಅನ್ನಿಸಿಕೊಂಡು ಅಭ್ಯಾಸವೋ, ಅಜ್ಜ ಅಂದರೆ ಸಾಕೋ, ಇಷ್ಟನ್ನು ಹಿರಿಯರ ಎದುರೇ ಹೇಳಿ. ಮರೆವಿನ ಕಾಯಿಲೆ ಇದ್ದರೆ ಎದುರಿನಿಂದ ಬಂದು, ಕಣ್ಣಿಗೆ ಬಿದ್ದ ಮೇಲೆಯೇ ಮುಟ್ಟಬೇಕು. ಹಿಂದಿನಿಂದ ಬಂದು ಮುಟ್ಟಿದರೆ ಅವರು ಹೆದರಿ ಕೈ ಬೀಸಬಹುದು. ಆಮೇಲೆ ‘ಅಜ್ಜಿ ಹೊಡೀತಾರೆ’ ಎಂಬ ದೂರು.

3. ಮಗ್ಗುಲು ಬದಲಿಸುವುದು

ಇದೊಂದನ್ನು ಸರಿಯಾಗಿ ಕಲಿಸಿದರೆ ಅರ್ಧ ಕೆಲಸ ಆದಂತೆ. ಒಂದೇ ಮಗ್ಗುಲಲ್ಲಿ ಮಲಗಿದ್ದರೆ ಒತ್ತಡ ಬಿದ್ದ ಜಾಗದಲ್ಲಿ ಹಾಸಿಗೆ ಹುಣ್ಣು ಆಗುತ್ತದೆ. ಅದಕ್ಕೇ ಹಾಸಿಗೆ ಹಿಡಿದವರಿಗೆ ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ರಾತ್ರಿಯೂ. ಏರ್ ಬೆಡ್ ತಂದಿದ್ದೀವಲ್ಲ ಅಂತ ಸುಮ್ನೆ ಕೂರುವ ಹಾಗಿಲ್ಲ.

ಎಡಕ್ಕೆ ಹೊರಳಿಸಬೇಕು ಅಂದುಕೊಳ್ಳಿ. ಸಹಾಯಕರು ಎಡಗಡೆಯೇ ನಿಲ್ಲಬೇಕು. ಮೊದಲು ಹಿರಿಯರನ್ನು ಸ್ವಲ್ಪ ಬಲಕ್ಕೆ ಸರಿಸಿಕೊಳ್ಳಿ, ಇಲ್ಲದಿದ್ದರೆ ಹೊರಳಿದ ಮೇಲೆ ಮಂಚದ ಅಂಚಿಗೆ ಬರುತ್ತಾರೆ. ಸರಿಸುವಾಗ ಮೈ ಎಳೆಯಬೇಡಿ. ಭುಜದಿಂದ ತೊಡೆಯವರೆಗೆ ಅಡಿಯಲ್ಲಿ ಮಡಿಸಿದ ಬೆಡ್‌ಶೀಟ್ ಹಾಕಿರಿ, ಇಬ್ಬರು ಅದನ್ನೇ ಎತ್ತಿ ಸರಿಸಿ. ಎಡಗೈ ಪಕ್ಕಕ್ಕೆ, ಬಲಗೈ ಎದೆಯ ಮೇಲೆ, ಬಲ ಮೊಣಕಾಲು ಮಡಿಸಿ. ‘ಅಮ್ಮಾ, ಈ ಕಡೆ ತಿರುಗಿಸ್ತೀನಿ’ ಅಂತ ಹೇಳಿ, ಒಂದು ಕೈ ಬಲ ಭುಜಕ್ಕೆ, ಇನ್ನೊಂದು ಸೊಂಟಕ್ಕೆ ಕೊಟ್ಟು ನಿಧಾನವಾಗಿ ತಮ್ಮ ಕಡೆಗೆ ಹೊರಳಿಸಬೇಕು. ಬೆನ್ನಿಗೊಂದು ದಿಂಬು, ಮಂಡಿಗಳ ನಡುವೆ ಇನ್ನೊಂದು. ಪೂರ್ತಿ ಪಕ್ಕಕ್ಕೆ ಬೇಡ, ಸುಮಾರು 30 ಡಿಗ್ರಿ ವಾಲಿದರೆ ಸಾಕು. ಕಿವಿ ಮಡಚಿಕೊಂಡಿದೆಯಾ, ಕೆಳಗಿನ ಕೈ ಸಿಕ್ಕಿಕೊಂಡಿದೆಯಾ ನೋಡಿ.

ಪ್ರತಿ ಸಲ ಹೊರಳಿಸಿದಾಗ ಬೆನ್ನಿನ ಕೆಳಭಾಗ, ಸೊಂಟ, ಹಿಮ್ಮಡಿ, ಭುಜದ ಮೂಳೆ, ತಲೆಯ ಹಿಂಭಾಗವನ್ನು ಕಣ್ಣಿಟ್ಟು ನೋಡಬೇಕು. ಕೆಂಪಾದ ಜಾಗ ಕಂಡರೆ ಬೆರಳಿನಿಂದ ಒತ್ತಿ ಬಿಡಿ. ಬೆಳ್ಳಗಾಗಿ ಮತ್ತೆ ಕೆಂಪಾದರೆ ರಕ್ತ ಓಡಾಡುತ್ತಿದೆ. ಒತ್ತಿದರೂ ಕೆಂಪು ಹೋಗದಿದ್ದರೆ ಹಾಸಿಗೆ ಹುಣ್ಣು ಶುರುವಾಗಿದೆ ಎಂದರ್ಥ. ನಮ್ಮ ಕಂದು, ಕಪ್ಪು ಮೈಬಣ್ಣದಲ್ಲಿ ಕೆಂಪು ಬೇಗ ಕಾಣುವುದಿಲ್ಲ. ಸುತ್ತಲಿಗಿಂತ ಕಪ್ಪಾಗಿದೆಯಾ, ಬಿಸಿ ಇದೆಯಾ, ಗಟ್ಟಿ ಇದೆಯಾ ಅಂತ ಕೈಯಿಂದಲೇ ತಿಳಿಯಬೇಕು. ಆ ಜಾಗಕ್ಕೆ ಎಣ್ಣೆ ಹಾಕಿ ತಿಕ್ಕುವುದು ನಮ್ಮವರ ಹಳೇ ರೂಢಿ. ಬೇಡ, ಒಳಗಿನ ಮಾಂಸಕ್ಕೆ ಇನ್ನೂ ಪೆಟ್ಟಾಗುತ್ತದೆ. ನಡುವೆ ತೂತಿರುವ ರಿಂಗ್ ದಿಂಬೂ ಬೇಡ. ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ದಿಂಬು ಕೊಡಿ.

4. ಊಟ

ಮಲಗಿಸಿಕೊಂಡು ತಿನ್ನಿಸಬಾರದು. ಬೆನ್ನು ನೆಟ್ಟಗೆ, ಗದ್ದ ಸ್ವಲ್ಪ ಕೆಳಗೆ, ಚಿಕ್ಕ ಚಮಚ. ಒಂದು ತುತ್ತು ನುಂಗಿದ ಮೇಲೆ ಇನ್ನೊಂದು. ಊಟವಾದ ಮೇಲೂ ಅರ್ಧ ಗಂಟೆ ಕೂತಿರಲಿ. ಸ್ಟ್ರೋಕ್ ಆದವರಿಗೆ ಗಂಜಿಗಿಂತ ನೀರು ಕುಡಿಯುವುದೇ ಕಷ್ಟ ಆಗಬಹುದು, ತೆಳುವಾದದ್ದು ಬೇಗ ಶ್ವಾಸನಾಳಕ್ಕೆ ಹೋಗುತ್ತದೆ. ಕುಡಿದ ಮೇಲೆ ಕೆಮ್ಮು ಬಂದರೆ, ದನಿ ಗೊರಗೊರ ಅಂದರೆ ನಿಲ್ಲಿಸಿ ಡಾಕ್ಟರಿಗೆ ಹೇಳಿ.

5. ಎಬ್ಬಿಸಿ ಕೂರಿಸುವುದು

ವೀಲ್‌ಚೇರ್ ಬ್ರೇಕ್ ಹಾಕಿದ್ದೀರಾ ನೋಡಿ. ಶಕ್ತಿ ಇರುವ ಮಗ್ಗುಲಿಗೆ ಕುರ್ಚಿ ಇಡಿ. ಸ್ವಾಧೀನ ಇಲ್ಲದ ಕೈ ಹಿಡಿದು ಎಳೆದರೆ ಭುಜದ ಕೀಲು ಜಾರುತ್ತದೆ. ಸೊಂಟಕ್ಕೆ ಬೆಲ್ಟ್ ಕಟ್ಟಿ ಅದನ್ನು ಹಿಡಿಯುವುದು ವಾಸಿ. ಎತ್ತುವವರು ತಮ್ಮ ಮಂಡಿ ಬಗ್ಗಿಸಬೇಕು, ಬೆನ್ನಲ್ಲ. ಭಾರದವರಾದರೆ ಇಬ್ಬರು ಬೇಕೇ ಬೇಕು. ಸಹಾಯಕರ ಬೆನ್ನು ಹಿಡಿದುಕೊಂಡರೆ ನಷ್ಟ ಇಬ್ಬರಿಗೂ.

6. ಎಲ್ಲಿ ನಿಲ್ಲಿಸಬೇಕು

ಮೂತ್ರದ ಬ್ಯಾಗ್ ಯಾವಾಗಲೂ ಸೊಂಟಕ್ಕಿಂತ ಕೆಳಗಿರಬೇಕು, ಆದರೆ ನೆಲಕ್ಕೆ ತಾಗಬಾರದು. ತುಂಬುವ ಮೊದಲೇ ಖಾಲಿ ಮಾಡಬೇಕು. ಇಷ್ಟು ಸಹಾಯಕರ ಕೆಲಸ. ಪೈಪ್ ಹಾಕುವುದು, ಇಂಜೆಕ್ಷನ್ ಕೊಡುವುದು, ಮಾತ್ರೆಯ ಪ್ರಮಾಣ ಬದಲಿಸುವುದು ಅವರ ಕೆಲಸವಲ್ಲ. ನಾಲ್ಕು ದುಡ್ಡು ಉಳಿಯುತ್ತೆ ಅಂತ ಮಾಡಿಸಬೇಡಿ.

7. ಒಂದು ನೋಟ್‌ಬುಕ್, ಮತ್ತೆ ನಿಮ್ಮ ಕಿವಿ

‘ಮಧ್ಯಾಹ್ನ 2. ಎಡ ಮಗ್ಗುಲು. ಬಲ ಹಿಮ್ಮಡಿ ಕೆಂಪು. ಗಂಜಿ ಅರ್ಧ ಲೋಟ.’ ಇಷ್ಟು ಬರೆದರೆ ಸಾಕು. ಅವರಿಗೆ ಬರುವ ಭಾಷೆಯಲ್ಲೇ ಬರೆಯಲಿ, ಇಲ್ಲದಿದ್ದರೆ ಫೋನಿನಲ್ಲಿ ವಾಯ್ಸ್ ಮೆಸೇಜ್ ಕಳಿಸಲಿ.

ಡಾಕ್ಟರ್ ಬರುವುದು ಅಪರೂಪಕ್ಕೆ, ನೀವು ಬರುವುದು ಸಂಜೆಗೆ. ದಿನವಿಡೀ ಜೊತೆಗಿರುವವರು ಈ ಸಹಾಯಕರು ಮಾತ್ರ. ಅವರು ‘ಅಜ್ಜಿ ಇವತ್ತು ಯಾಕೋ ಮಂಕಾಗಿದಾರೆ’ ಅಂದರೆ ‘ವಯಸ್ಸಾಯ್ತಲ್ಲ’ ಅಂತ ತಳ್ಳಿಹಾಕಬೇಡಿ. ವಯಸ್ಸಾದವರಲ್ಲಿ ಸೋಂಕು ಜ್ವರವಿಲ್ಲದೆಯೂ ಬರುತ್ತದೆ. ಇದ್ದಕ್ಕಿದ್ದಂತೆ ಗೊಂದಲ, ಜಾಸ್ತಿ ನಿದ್ದೆ, ಊಟ ಬೇಡ ಅನ್ನುವುದು, ಇವೇ ಮೊದಲ ಸೂಚನೆ ಆಗಿರಬಹುದು. ಅವರು ಹೇಳಿದ ದಿನವೇ ಡಾಕ್ಟರಿಗೆ ಫೋನ್ ಮಾಡಿ. ಎರಡು ಸಲ ಹೇಳಿ ಎರಡು ಸಲವೂ ಬೈಸಿಕೊಂಡವರು ಮೂರನೇ ಸಲ ಹೇಳುವುದಿಲ್ಲ.

8. ನಿದ್ದೆ, ಸಂಬಳ, ರಜೆ

‘24 ಗಂಟೆ’ ಅಂತ ಬಂದವರೂ ಮನುಷ್ಯರೇ ಅಲ್ವಾ? ರಾತ್ರಿ ಎರಡು ಗಂಟೆಗೊಮ್ಮೆ ಎದ್ದವರಿಗೆ ಹಗಲು ಪಾತ್ರೆ ತೊಳೆಯಲು ಹೇಳಬೇಡಿ, ಮಲಗಲು ಬಿಡಿ. ಏಜೆನ್ಸಿಗೆ ಕೊಟ್ಟ ದುಡ್ಡಿನಲ್ಲಿ ಅವರ ಕೈಗೆ ಎಷ್ಟು ಸೇರುತ್ತದೆ ಅಂತ ಒಮ್ಮೆ ಕೇಳಿ. ಊಟ ನಿಮ್ಮ ಊಟವೇ ಆಗಲಿ, ಮಿಕ್ಕಿದ್ದಲ್ಲ. ವಾರಕ್ಕೊಂದು ದಿನ ರಜೆ ಕೊಡಿ. ಆ ದಿನ ಮಗ್ಗುಲು ಬದಲಿಸುವವರು ಮನೆಯ ಮಗ, ಮಗಳು, ಸೊಸೆ, ಅಳಿಯ ಯಾರಾದರೂ ಆಗಬಹುದು. ಮೂರನೇ ಹೆಜ್ಜೆಯನ್ನು ಅವರೂ ಕೈಯಾರೆ ಮಾಡಿ ಕಲಿತಿರಲಿ.