ಗುಲಾಬಿ ಎಲೆಕೋಸಾಗದಿರಲಿ

ಬೆಂಗಳೂರಿನ ಚಿತ್ರಸಂತೆಯಲ್ಲಿ ಒಂದು ಸುತ್ತು ಹಾಕಿದರೆ ಸಾಕು, ಗುಲಾಬಿಯ ತೈಲಚಿತ್ರಗಳು ಸಾಲಾಗಿ ಸಿಗುತ್ತವೆ. ಅವುಗಳಲ್ಲಿ ಹಲವು ಎಲೆಕೋಸಿನಂತಿರುತ್ತವೆ: ಎಸಳಿನ ಮೇಲೆ ಎಸಳು, ಎಲ್ಲಕ್ಕೂ ಒಂದೇ ಬಣ್ಣ, ನಡುವೆ ಒಂದು ಸುರುಳಿ. ಬಣ್ಣವನ್ನು ದಪ್ಪಗೆ ಮೆತ್ತಿದ ಮಾತ್ರಕ್ಕೆ ಹೂವಿಗೆ ಜೀವ ಬರುವುದಿಲ್ಲ. ಎಲ್ಲಿ ಮೆತ್ತಬೇಕು, ಯಾವಾಗ ಕೈ ಎತ್ತಬೇಕು ಎಂಬುದು ಗೊತ್ತಿರಬೇಕು.

ಮೊದಲು ಸಾಮಾನು. ಪ್ರೈಮ್ ಮಾಡಿದ, ಎಂದರೆ ಮೊದಲೇ ಅಸ್ತರಿ ಬಳಿದ ಸಣ್ಣ ಕ್ಯಾನ್ವಾಸ್, ಗಾರೆ ಕೆಲಸದ ಕರಣೆಯಂತೆ ಹಿಡಿ ಬಾಗಿದ ಪೇಂಟಿಂಗ್ ನೈಫ್, ಒಂದು ಚಪ್ಪಟೆ ಬ್ರಷ್. ಪ್ಲಾಸ್ಟಿಕ್ ನೈಫ್ ಬಗ್ಗುವುದಿಲ್ಲ, ದುಡ್ಡು ದಂಡ. ಟೈಟೇನಿಯಂ ಬಿಳಿ, ಕ್ಯಾಡ್ಮಿಯಂ ಹಳದಿ, ಅಲ್ಟ್ರಾಮರೀನ್ ನೀಲಿ, ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು, ಕ್ವಿನಾಕ್ರಿಡೋನ್ ಗುಲಾಬಿ ಇದ್ದರೆ ಸಾಕು. ಅಲಿಜರಿನ್ ಕ್ರಿಮ್ಸನ್ ಎಂಬ ಕಡುಗೆಂಪು ಕಣ್ಣಿಗೆ ಚೆಂದ, ಆದರೆ ಬಿಳಿಯ ಜೊತೆ ಬೆರೆತರೆ ಬೆಳಕಿಗೆ ಬೇಗ ಮಾಸುತ್ತದೆ. ಡಚ್ ಚಿತ್ರಕಾರ ವ್ಯಾನ್ ಗೋ 1890ರ ಮೇ ತಿಂಗಳಲ್ಲಿ ಬರೆದ ಗುಲಾಬಿಗಳು ಈಗ ಬೆಳ್ಳಗೆ ಕಾಣುವುದು ಬಾಳಿಕೆ ಬಾರದ ಇಂಥದೇ ಇನ್ನೊಂದು ಕೆಂಪಿನಿಂದ. ಅವು ಮೊದಲು ನಸುಗೆಂಪಾಗಿದ್ದವು.

ಬಣ್ಣ ತೆಳು ಮಾಡಲು ಹಾರ್ಡ್‌ವೇರ್ ಅಂಗಡಿಯ ಥಿನ್ನರ್ ತರಬೇಡಿ, ಟರ್ಪೆಂಟೈನ್ ಸಾಕು. ಅಡುಗೆಮನೆಯ ಕೊಬ್ಬರಿ ಎಣ್ಣೆಯಂತೂ ಬೇಡವೇ ಬೇಡ, ಅದು ಎಂದಿಗೂ ಒಣಗುವುದಿಲ್ಲ.

ಸಿಯೆನ್ನಾ ಮತ್ತು ನೀಲಿಯನ್ನು ಟರ್ಪೆಂಟೈನ್‌ನಲ್ಲಿ ನೀರಾಗಿಸಿ ಹೂವನ್ನು ಬರೀ ಒಂದು ಉಂಡೆಯಾಗಿ ಬರೆಯಿರಿ. ಬೆಳಕಿನ ಮಗ್ಗುಲು, ನೆರಳಿನ ಮಗ್ಗುಲು ಎರಡೇ ಸಾಕು, ಎಸಳು ಬೇಡ. ಎರಡು ದಿನ ಒಣಗಲಿ.

ಕೆಡುವುದೆಲ್ಲ ಇನ್ನು ಮುಂದೆಯೇ. ಟ್ಯೂಬಿನ ಬಣ್ಣವನ್ನು ಹಳೆಯ ರಟ್ಟಿನ ಮೇಲೆ ಹಿಂಡಿ ಅರ್ಧ ಗಂಟೆ ಬಿಡಿ. ಹೆಚ್ಚಿನ ಎಣ್ಣೆಯನ್ನು ರಟ್ಟು ಹೀರಿಕೊಂಡರೆ ಬಣ್ಣ ಗಟ್ಟಿಯಾಗಿ, ಎಳೆದಲ್ಲೇ ನಿಲ್ಲುತ್ತದೆ. ಆಮೇಲೆ ಕಡು, ನಡು, ತಿಳಿ ಎಂದು ಮೂರು ಗುಡ್ಡೆ ಕಲಸಿಕೊಳ್ಳಿ. ಧಾರಾಳವಾಗಿ ಕಲಸಿ, ನಡುವೆ ಬಣ್ಣ ಮುಗಿದು ಮತ್ತೆ ಬೆರೆಸಿದರೆ ಅದೇ ಛಾಯೆ ಸಿಗುವುದಿಲ್ಲ. ಕಡು ಗುಡ್ಡೆಗೆ ಕಪ್ಪು ಸೇರಿಸಬೇಡಿ, ಹೂವು ಸುಟ್ಟಂತೆ ಕಾಣುತ್ತದೆ. ಗುಲಾಬಿ ಬಣ್ಣಕ್ಕೆ ಸಿಯೆನ್ನಾ ಬೆರೆಸಿ.

ನೆರಳನ್ನು ಬ್ರಷ್ಷಿನಲ್ಲಿ ತೆಳ್ಳಗೆ ಹಚ್ಚಿ. ದಪ್ಪ ಬಣ್ಣ ಬೆಳಕು ಬೀಳುವ ಕಡೆಗೆ ಮಾತ್ರ. ಉಬ್ಬಿದ ಬಣ್ಣ ಕೋಣೆಯ ಬೆಳಕನ್ನೂ ಹಿಡಿಯುತ್ತದೆ, ನೆರಳಿನಲ್ಲಿ ಅದು ಮಿನುಗಿದರೆ ಹೂವಿನ ಆಳವೇ ಹೋಯಿತು.

ಈಗ ನೈಫ್. ಅಲಗಿನ ಅಡಿಯಲ್ಲಿ ಅಂಚಿನುದ್ದಕ್ಕೂ ಬಣ್ಣದ ಒಂದು ದಿಂಡು ತೆಗೆದುಕೊಳ್ಳಿ. ಎಸಳಿನ ಹೊರ ಅಂಚು ಬರಬೇಕಾದಲ್ಲಿ ಅದನ್ನು ಒತ್ತಿ, ಹೂವಿನ ನಡುವಿನತ್ತ ಎಳೆಯುತ್ತಾ ಕೈ ಹಗುರ ಮಾಡಿ, ಎತ್ತಿಬಿಡಿ. ಅಂಚಿನಲ್ಲಿ ದಪ್ಪ ಏಣು ನಿಂತು, ಒಳಗೆ ಬಣ್ಣ ತೆಳುವಾಗಿ ನೆರಳಿಗೆ ಜಾರಿರುತ್ತದೆ. ಅದೇ ಎಸಳು. ಇನ್ನು ಅದನ್ನು ಮುಟ್ಟಬೇಡಿ! ತಿದ್ದಲು ಹೋಗಿ ಎರಡು ಸಲ ಸವರಿದರೆ ಏಣು ಅಳಿಸಿ ಬಣ್ಣ ಕೆಸರಾಗುತ್ತದೆ. ತಪ್ಪಿದರೆ ಪೂರ್ತಿ ಕೆರೆದು ತೆಗೆದು ಹೊಸದಾಗಿ ಎಳೆಯಿರಿ. ಪ್ರತಿ ಎಳೆತಕ್ಕೂ ಅಲಗು ಒರೆಸಲೇಬೇಕು. ಈ ಒಂದು ಸೋಮಾರಿತನದಿಂದಲೇ ಅರ್ಧ ಚಿತ್ರಗಳು ಹಾಳಾಗುತ್ತವೆ.

ಪನ್ನೀರು ಗುಲಾಬಿಯಲ್ಲಿ ಎಸಳು ಎಷ್ಟೇ ಇರಲಿ, ಹತ್ತು ಹನ್ನೆರಡು ಎಳೆತಕ್ಕೆ ನಿಲ್ಲಿಸಿ. ನೆರಳಿನ ಕಡೆಯ ಒಂದೆರಡು ಅಂಚು ಹಿನ್ನೆಲೆಯಲ್ಲಿ ಕರಗಿಹೋಗಲಿ, ಉಳಿದದ್ದನ್ನು ನೋಡುವವರ ಕಣ್ಣೇ ತುಂಬಿಕೊಳ್ಳುತ್ತದೆ. ಅಚ್ಚ ಬಿಳಿಯನ್ನು ಕೊನೆಯ ಎಳೆತಕ್ಕೂ ಬಳಸಬೇಡಿ, ಚಿಟಿಕೆ ಹಳದಿ ಸೇರಿಸಿ.

ಎಲೆಗಳಿಗೆ ನೀಲಿ, ಹಳದಿ, ಜೊತೆಗೆ ಹಸಿರಿನ ಹೊಳಪು ತಗ್ಗಿಸಲು ತುಸು ಗುಲಾಬಿ. ಬ್ರಷ್ಷಿನಲ್ಲಿ ಮುಗಿಸಿ.

ವಾರದಲ್ಲಿ ಮೇಲೆ ಕೆನೆಗಟ್ಟಿದರೂ ದಪ್ಪ ಬಣ್ಣ ಒಳಗೆ ಒಣಗಲು ತಿಂಗಳುಗಳೇ ಬೇಕು. ಆರು ತಿಂಗಳಾದರೂ ಆಗದೆ ವಾರ್ನಿಶ್ ಬೇಡ. ಧೂಳಿಗೆ ಹೆದರಿ ಬೀರುವಿನಲ್ಲಿಡಬೇಡಿ, ಕತ್ತಲಲ್ಲಿ ಬಣ್ಣದೊಳಗಿನ ಅಗಸೆ ಎಣ್ಣೆ ಹಳದಿಗಟ್ಟುತ್ತದೆ. ಅಲಗು ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆಯುವುದೂ ಬೇಡ. ಈ ಎಣ್ಣೆ ಒಣಗುವಾಗ ಬಿಸಿಯಾಗಿ, ಮುದ್ದೆಗೆ ತಾನಾಗಿ ಬೆಂಕಿ ಹೊತ್ತಿಕೊಳ್ಳಬಹುದು. ಬಯಲಲ್ಲಿ ಹರವಿ, ಗರಿಗರಿ ಒಣಗಿಸಿ, ಆಮೇಲೆ ಕಸಕ್ಕೆ ಹಾಕಿ.